ಮಸಾಲೆ ಎಷ್ಟು ಆಳಕ್ಕೆ ಇಳಿಯುತ್ತದೆ?

ರಾತ್ರಿ ಮಸಾಲೆ ಹಚ್ಚಿಟ್ಟ ಬೀಫ್ ತುಂಡುಗಳಲ್ಲಿ ದೊಡ್ಡದೊಂದನ್ನು ಆರಿಸಿ, ಬೆಳಿಗ್ಗೆ ಬೇಯಿಸುವ ಮೊದಲು ನಡುವಿಗೆ ಕತ್ತರಿಸಿ ನೋಡಿ. ಅರಸಿನದ ಹಳದಿಯೂ ಮೆಣಸಿನ ಕೆಂಪೂ ಅಂಚಿನಲ್ಲೇ ನಿಂತಿರುತ್ತವೆ. ಆ ಬಣ್ಣದ ಗೆರೆ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಅದರಿಂದ ಒಳಕ್ಕೆ ಹಸಿ ಮಾಂಸ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆಯೇ ಇರುತ್ತದೆ. ಇನ್ನೊಂದು ರಾತ್ರಿ ಇಟ್ಟರೂ ಗೆರೆ ಹೆಚ್ಚೇನೂ ದಪ್ಪವಾಗುವುದಿಲ್ಲ.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯಾಚೆಯವರೆಗೆ ಬೀಫ್ ಬೇಯಿಸುವ ಮನೆಗಳಲ್ಲಿ ‘ಮಸಾಲೆ ಚೆನ್ನಾಗಿ ಹಿಡಿಯಲಿ’ ಎಂಬ ಮಾತು ದಿನವೂ ಕೇಳಿಬರುತ್ತದೆ. ಈಗ ಆ ಅಡುಗೆಮನೆಗಳಿಗೆ ಹೊಸ ರುಚಿಗಳೂ ಬಂದಿವೆ. ಕೊಲ್ಲಿಯಿಂದ ಬಂದವರ ಪೆಟ್ಟಿಗೆಯಲ್ಲಿ ಸೋಯಾ ಸಾಸ್ ಇರುತ್ತದೆ, ಮಕ್ಕಳ ಮೊಬೈಲಿನಲ್ಲಿ ಕೊರಿಯಾದ ಖಾರದ ಬೀಫ್ ಇರುತ್ತದೆ. ಮನೆಯಲ್ಲೇ ಮಾಡಿ ನೋಡಿದವರು ಆಮೇಲೆ ಹೇಳುವುದು ಮಾತ್ರ ಒಂದೇ: ಮಸಾಲೆ ಹಿಡಿಯಲೇ ಇಲ್ಲ, ಮಾಂಸ ರಬ್ಬರಿನಂತಾಯಿತು. ಅದಕ್ಕೆ ಕಾರಣ ಮಸಾಲೆ ಕಡಿಮೆಯಾದದ್ದಲ್ಲ. ಹಚ್ಚಿಡುವ ಮಸಾಲೆ ಮಾಂಸದ ಹೊರಮೈಗೆ ಮಾಡುವ ಅಡುಗೆ. ಒಳಗಿನ ಮೃದುತ್ವವೂ ರಸವೂ ಉಪ್ಪು, ಕತ್ತಿ ಮತ್ತು ಸಮಯಕ್ಕೆ ಸೇರಿದವು. ಏಷ್ಯಾದ ಒಳ್ಳೆಯ ಬೀಫ್ ಅಡುಗೆಗಳೆಲ್ಲ ಈ ಸತ್ಯವನ್ನು ಒಪ್ಪಿಕೊಂಡೇ ರೂಪುಗೊಂಡಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಂಸದ ಸುಮಾರು ಮುಕ್ಕಾಲು ಪಾಲು ನೀರು. ಆ ನೀರನ್ನು ಹಿಡಿದುಕೊಂಡಿರುವುದು ಪ್ರೋಟೀನಿನ ಎಳೆಗಳು. ನಮ್ಮ ತೆಂಗಿನ ನಾರಿನ ಹಗ್ಗದಂತೆ ಎಳೆಗಳು ಸೇರಿ ಕಟ್ಟಾಗಿ, ಕಟ್ಟುಗಳು ಸೇರಿ ದಪ್ಪ ಕಟ್ಟಾಗಿ, ಪ್ರತಿ ಕಟ್ಟಿನ ಸುತ್ತಲೂ ಕೊಲಾಜೆನ್ ಎಂಬ ಗಟ್ಟಿ ಪೊರೆ ಇರುತ್ತದೆ. ಅರಸಿನದ ಬಣ್ಣ, ಮೆಣಸಿನ ಖಾರ, ಲವಂಗ ಚಕ್ಕೆಗಳ ಪರಿಮಳ ಇವೆಲ್ಲ ಎಣ್ಣೆಯಲ್ಲಿ ಕರಗುವ ಅಣುಗಳು, ನೀರಿನೊಡನೆ ಅವಕ್ಕೆ ಸಲಿಗೆಯಿಲ್ಲ. ನೀರು ತುಂಬಿದ ಮಾಂಸದೊಳಕ್ಕೆ ಅವು ಇಳಿಯುವುದಾದರೂ ಹೇಗೆ?

ಉಪ್ಪಿನ ಕಥೆ ಬೇರೆ. ನೀರಿನಲ್ಲಿ ಕರಗಿದ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಬಹಳ ಚಿಕ್ಕವು. ಅವು ನಿಧಾನವಾಗಿಯಾದರೂ ಒಳಕ್ಕೆ ನಡೆಯುತ್ತವೆ. ಮೊದಲು ಉಪ್ಪು ಮಾಂಸದಿಂದ ನೀರನ್ನು ಹೊರಗೆಳೆಯುತ್ತದೆ. ಪಾತ್ರೆಯ ತಳದಲ್ಲಿ ನಿಲ್ಲುವ ಆ ಕೆಂಪು ನೀರನ್ನು ಚೆಲ್ಲಬಾರದು. ಸ್ವಲ್ಪ ಹೊತ್ತಿನಲ್ಲಿ ಅದೇ ಉಪ್ಪುನೀರು ಮರಳಿ ಮಾಂಸಕ್ಕೆ ಸೇರುತ್ತದೆ. ಒಳಗೆ ಹೋದ ಉಪ್ಪು ಮಯೋಸಿನ್ ಎಂಬ ಪ್ರೋಟೀನನ್ನು ಸಡಿಲಿಸುತ್ತದೆ, ಎಳೆಗಳು ಉಬ್ಬಿ ಬೇಯುವಾಗಲೂ ನೀರನ್ನು ಬಿಗಿಹಿಡಿಯುತ್ತವೆ. ಅರ್ಧ ಕಿಲೋ ಮಾಂಸಕ್ಕೆ ಐದರಿಂದ ಏಳು ಗ್ರಾಂ ಉಪ್ಪು ಸಾಕು. ಸೋಯಾ ಸಾಸ್ ಹಾಕುವುದಾದರೆ ಈ ಲೆಕ್ಕ ನೆನಪಿರಲಿ. ಸಾಮಾನ್ಯ ಸೋಯಾ ಸಾಸಿನ ಆರನೇ ಒಂದು ಪಾಲಿನಷ್ಟು ಉಪ್ಪೇ ಇರುತ್ತದೆ, ಎರಡು ದೊಡ್ಡ ಚಮಚ ಹಾಕಿದರೆ ಸುಮಾರು ಐದು ಗ್ರಾಂ ಉಪ್ಪು ಸೇರಿದಂತಾಯಿತು. ಅದರ ಮೇಲೆ ಅಭ್ಯಾಸಬಲದಿಂದ ಇನ್ನೊಂದು ಚಮಚ ಪುಡಿಯುಪ್ಪು ಉದುರಿಸಿದರೆ ಊಟ ಕೆಟ್ಟಂತೆಯೇ.

ಸೋಯಾ ಸಾಸ್ ಕೊಡುವುದು ಉಪ್ಪನ್ನು ಮಾತ್ರವಲ್ಲ. ಬೂಷ್ಟಿನಿಂದ ಹುದುಗಿದ ಸೋಯಾ ಕಾಳಿನ ಪ್ರೋಟೀನು ಒಡೆದು, ನಾಲಿಗೆಗೆ ತುಂಬು ರುಚಿ ಕೊಡುವ ಗ್ಲುಟಮೇಟ್ ಹುಟ್ಟುತ್ತದೆ. ಕಡಲಕಳೆಯ ಸಾರಿನಿಂದ ಈ ರುಚಿಯನ್ನು ಬೇರ್ಪಡಿಸಿ ತೋರಿಸಿದವರು ಜಪಾನಿನ ಕಿಕುನಾಯೆ ಇಕೆದಾ, 1908ರಲ್ಲಿ. ಮಾಂಸದಲ್ಲಿ ಸಹಜವಾಗಿರುವ ಇನೋಸಿನೇಟ್ ಎಂಬ ವಸ್ತುವೂ ಗ್ಲುಟಮೇಟೂ ಜೊತೆಯಾದರೆ ರುಚಿ ಕೂಡಿಕೆಯ ಲೆಕ್ಕ ಮೀರಿ ಹಲವು ಪಟ್ಟು ಏರುತ್ತದೆ. ಇದಕ್ಕಾಗಿ ಸಾಸ್ ಮಾಂಸದ ನಡುವಿಗೆ ಇಳಿಯಬೇಕಾಗಿಯೂ ಇಲ್ಲ, ಎರಡೂ ಸೇರುವುದು ನಾಲಿಗೆಯ ಮೇಲೆ.

ಇನ್ನು ಮಾಂಸದ ವಿಚಾರ. ಮೊಬೈಲಿನಲ್ಲಿ ನೋಡುವ ಕೊರಿಯಾದ ಬೀಫ್ ಎಳೆಯ ಪ್ರಾಯದ, ಕೊಬ್ಬು ಹರಡಿದ, ಕಡಿದ ಮೇಲೆ ತಂಪಿನಲ್ಲಿ ದಿನಗಟ್ಟಲೆ ತೂಗುಹಾಕಿದ ಮಾಂಸ. ನಮ್ಮಲ್ಲಿ ಬೀಫ್ ಎಂದರೆ ಹೆಚ್ಚಾಗಿ ಕೋಣ, ಎಮ್ಮೆ ಅಥವಾ ದುಡಿದು ವಯಸ್ಸಾದ ಎತ್ತು. ನಸುಕಿನಲ್ಲಿ ಕಡಿದದ್ದು ಹತ್ತು ಗಂಟೆಗೆ ಮಾರಾಟವಾಗಿ, ಮಧ್ಯಾಹ್ನಕ್ಕೆ ಕುಕ್ಕರಿನಲ್ಲಿರುತ್ತದೆ. ತಾಜಾ ಎಂಬುದು ಮೀನಿಗೆ ದೊಡ್ಡ ಗುಣ, ಬೀಫಿಗೆ ಅಷ್ಟಾಗಿ ಅಲ್ಲ. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯುವಿನ ಶಕ್ತಿಯೆಲ್ಲ ಮುಗಿದು ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಸೆಟೆಯುತ್ತವೆ. ಲ್ಯಾಕ್ಟಿಕ್ ಆಮ್ಲ ಕೂಡಿ, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ 7ರ ಆಸುಪಾಸಿನಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ. ಈ ಸೆಟೆತದ ಹೊತ್ತಿನಲ್ಲಿ ಬೇಯಿಸಿದ ಮಾಂಸವೇ ಎಲ್ಲಕ್ಕಿಂತ ಗಡಸು. ಒಂದೆರಡು ದಿನ ತಂಪಿನಲ್ಲಿಟ್ಟರೆ ಮಾಂಸದೊಳಗಿನ ಕಿಣ್ವಗಳೇ ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿ ಮೆದುಗೊಳಿಸುತ್ತವೆ.

ಹಾಗಾಗಿ ಭಾನುವಾರದ ಅಡುಗೆಗೆ ಶುಕ್ರವಾರವೇ ಮಾಂಸ ತಂದು, ತುಂಡು ಮಾಡದೆ ಇಡಿಯಾಗಿ, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಡಿ. ಇನ್ನೂ ಬಿಸಿ ಆರದ ಮಾಂಸವನ್ನು ನೇರ ಫ್ರೀಜರಿಗೆ ತುರುಕಬೇಡಿ. ಸೆಟೆಯುವ ಮೊದಲೇ ಥಟ್ಟನೆ ತಣಿದ ಸ್ನಾಯು ಬಲವಾಗಿ ಮುದುಡಿಕೊಳ್ಳುತ್ತದೆ. 1963ರಲ್ಲಿ ನ್ಯೂಜಿಲೆಂಡಿನ ಲಾಕರ್ ಮತ್ತು ಹ್ಯಾಗ್ಯಾರ್ಡ್ ಇದನ್ನು ವಿವರಿಸಿದರು. ಹಾಗೆ ಮುದುಡಿದ ಮಾಂಸವನ್ನು ಯಾವ ಮಸಾಲೆಯೂ ಪೂರ್ತಿ ಸರಿಪಡಿಸಲಾರದು.

ಹಾಗಾದರೆ ಹಿತ್ತಿಲಿನ ಬಪ್ಪಂಗಾಯಿ? ಕಾಯಿಯ ಹಾಲಿನಲ್ಲಿರುವ ಪಪೈನ್ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅನಾನಸಿನ ಬ್ರೊಮಿಲೇನ್, ಹಸಿ ಶುಂಠಿಯ ಜಿಂಜಿಬೇನ್ ಅದೇ ಬಳಗದವು. ಇವುಗಳ ಕೆಲಸ ನಿಜ, ಆದರೆ ಈ ಕಿಣ್ವಗಳು ಅರಸಿನದ ಅಣುವಿಗಿಂತ ಎಷ್ಟೋ ದೊಡ್ಡವು, ಆದ್ದರಿಂದ ಇವು ಕೂಡ ಮೇಲ್ಮೈಯಲ್ಲೇ ಉಳಿಯುತ್ತವೆ. ರಾತ್ರಿಯಿಡೀ ಬಿಟ್ಟರೆ ಹೊರಗೆ ಹಿಟ್ಟಿನಂತೆ ಕಲಸಿಹೋಗಿ, ಒಳಗೆ ಗಡಸು ಹಾಗೆಯೇ ಇರುತ್ತದೆ. ಪಪೈನಿಗೆ ಅತ್ಯಂತ ಚುರುಕು ಬರುವುದು 60–70 ಡಿಗ್ರಿಯ ಬಿಸಿಯಲ್ಲಿ, ಅಂದರೆ ಬಾಣಲೆಯಲ್ಲಿ ಮಾಂಸ ಬಿಸಿಯೇರುತ್ತಿರುವಾಗ. ತೆಳುವಾದ ತುಂಡುಗಳಿಗೆ ಅರ್ಧ ಗಂಟೆ ಮೊದಲು ಒಂದು ಚಮಚ ಅರೆದ ಬಪ್ಪಂಗಾಯಿ ಹಚ್ಚಿದರೆ ಧಾರಾಳವಾಯಿತು. ಡಬ್ಬಿಯ ಅನಾನಸಿನಿಂದ ಈ ಪ್ರಯೋಜನವಿಲ್ಲ, ಡಬ್ಬಿಗೆ ತುಂಬುವಾಗಿನ ಬಿಸಿಗೆ ಕಿಣ್ವ ಸತ್ತಿರುತ್ತದೆ. ಲಿಂಬೆರಸ, ವಿನೆಗರ್ ಹೆಚ್ಚು ಹೊತ್ತು ಕೂತರೆ ಮಾಂಸದ ಹೊರಮೈ ಒಣಗಿ ಬಿಳಚಿಕೊಳ್ಳುತ್ತದೆ. ಹುಳಿಯನ್ನು ಕೊನೆಗೆ, ಒಲೆ ಆರಿಸಿದ ಮೇಲೆ ಹಿಂಡುವುದೇ ಲೇಸು.

ಚೀನಾದ ಅಡುಗೆಯವರು ಹೋಗುವುದು ಹುಳಿಯ ವಿರುದ್ಧ ದಿಕ್ಕಿಗೆ. ಅರ್ಧ ಕಿಲೋ ತೆಳು ತುಂಡುಗಳಿಗೆ ಅರ್ಧ ಟೀ ಚಮಚ ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ ಹಚ್ಚಿ, ಕಾಲು ಗಂಟೆ ಬಿಟ್ಟು ತೊಳೆಯುತ್ತಾರೆ. ಸೋಡಾ ಪಿಎಚ್ ಏರಿಸುತ್ತದೆ, ಪ್ರೋಟೀನುಗಳ ನಡುವೆ ವಿಕರ್ಷಣೆ ಹೆಚ್ಚಿ ಬೇಯುವಾಗ ಅವು ಒತ್ತಾಗಿ ಹೆಣೆದುಕೊಳ್ಳಲಾರವು, ನೀರು ಒಳಗೇ ಉಳಿಯುತ್ತದೆ. ಆಮೇಲೆ ಮೆಕ್ಕೆಜೋಳದ ಪಿಷ್ಟದ ತೆಳು ಲೇಪ. ಅಲ್ಲಿನ ಸಿಚುವಾನ್ ಪ್ರಾಂತ್ಯದ ‘ಶುಯ್ ಜು ನಿಯು ರೌ’ ಎಂಬ ಖಾರದ ಸಾರಿನಲ್ಲಿ ಬೀಫ್ ರೇಷ್ಮೆಯಂತೆ ಜಾರುವುದು ಈ ಲೇಪದಿಂದಲೇ.

ಆದರೆ ಇವೆಲ್ಲಕ್ಕಿಂತ ದೊಡ್ಡ ಉಪಕಾರ ಮಾಡುವುದು ಕತ್ತಿ. ಮಾಂಸವನ್ನು ಮುಕ್ಕಾಲು ಗಂಟೆ ಫ್ರೀಜರಿನಲ್ಲಿಟ್ಟು, ಅರೆಗಟ್ಟಿಯಾದಾಗ ಹೊರತೆಗೆಯಿರಿ. ಮೇಲ್ಮೈಯಲ್ಲಿ ಎಳೆಗಳು ಯಾವ ಕಡೆಗೆ ಓಡುತ್ತಿವೆ ಎಂದು ಬೆರಳಾಡಿಸಿ ನೋಡಿ, ಅವುಗಳಿಗೆ ಅಡ್ಡಲಾಗಿ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಸೀಳಿ. ಹಲ್ಲು ಮಾಡಬೇಕಾದ ಕೆಲಸವನ್ನು ಕತ್ತಿ ಮಾಡಿ ಮುಗಿಸುತ್ತದೆ. ಜೊತೆಗೆ ಮಸಾಲೆ ಇಳಿಯುವುದೇ ಕೆಲವು ಮಿಲಿಮೀಟರ್ ಎಂದಮೇಲೆ ತುಂಡಿನ ದಪ್ಪವನ್ನೇ ಅಷ್ಟಕ್ಕೆ ತಂದಂತಾಯಿತು. ಕೊರಿಯಾದ ಬುಲ್ಗೋಗಿಯ ಹಿಂದಿರುವ ಜಾಣತನ ಇದೇ. ಸೋಯಾ, ಎಳ್ಳೆಣ್ಣೆ, ಬೆಳ್ಳುಳ್ಳಿ, ಅರೆದ ಪೇರ್ ಹಣ್ಣು ಹಚ್ಚಿದ ಹಾಳೆಯಂಥ ಮಾಂಸಕ್ಕೆ ಒಂದು ಗಂಟೆಯೂ ಸಾಕು.

ತೆಳು ಮಾಂಸಕ್ಕೆ ಬಿರುಸಾದ ಬಿಸಿ ಬೇಕು. ಕಂದು ಬಣ್ಣ ಮತ್ತು ಹುರಿದ ಪರಿಮಳ ಹುಟ್ಟಿಸುವ ಕ್ರಿಯೆಯನ್ನು 1912ರಲ್ಲಿ ಲೂಯಿ ಕಾಮೀ ಮೈಯಾರ್ ವಿವರಿಸಿದರು. ಅದು ವೇಗ ಪಡೆಯುವುದು ಸುಮಾರು 140 ಡಿಗ್ರಿಯ ಮೇಲೆ. ಬಾಣಲೆಯಲ್ಲಿ ನೀರಿರುವಷ್ಟು ಹೊತ್ತು ಬಿಸಿ 100 ದಾಟದು. ಅರ್ಧ ಕಿಲೋವನ್ನೂ ಒಮ್ಮೆಗೇ ಸುರಿದರೆ ಮಾಂಸ ತನ್ನದೇ ನೀರಿನಲ್ಲಿ ಬೆಂದು ಬೂದು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ತೆಗೆದು, ಮತ್ತೆ ಹಾಕಬೇಕು. ಪಾತ್ರೆಯಲ್ಲಿ ಉಳಿದ ಹಸಿ ಮಸಾಲೆಯನ್ನು ಬೆಂದ ಮಾಂಸದ ಮೇಲೆ ಹಾಗೆಯೇ ಸುರಿಯಬಾರದು. ಅದರಲ್ಲಿ ಹಸಿ ಮಾಂಸದ ಬ್ಯಾಕ್ಟೀರಿಯಾ ಇರುತ್ತವೆ, ಕುದಿಸಿಯೇ ಬಳಸಬೇಕು. ಹಚ್ಚಿಡುವುದೂ ಫ್ರಿಜ್ಜಿನಲ್ಲೇ ಆಗಬೇಕು, ನಮ್ಮ ಕರಾವಳಿಯ ಸೆಕೆಯಲ್ಲಿ ಅಡುಗೆಕಟ್ಟೆಯ ಮೇಲಲ್ಲ.

ತೊಡೆ ಅಥವಾ ಅಂಡರ್‌ಕಟ್ ಸಿಕ್ಕಿದರೆ ಇದೆಲ್ಲ ಸರಿ. ಅಂಗಡಿಯವನು ಕಾಲು, ಕುತ್ತಿಗೆ, ಭುಜದ ತುಂಡು ಕೊಟ್ಟರೆ ದಾರಿಯನ್ನೇ ಬದಲಿಸಬೇಕು. ವಯಸ್ಸಾದ ಪ್ರಾಣಿಯ ಕೊಲಾಜೆನ್ ಬಲವಾಗಿ ಹೆಣೆದುಕೊಂಡಿರುತ್ತದೆ. 60 ಡಿಗ್ರಿ ದಾಟುತ್ತಿದ್ದಂತೆ ಅದು ಕುಗ್ಗಿ ಮಾಂಸದ ರಸವನ್ನು ಹಿಂಡಿ ಹೊರಹಾಕುತ್ತದೆ. ಹತ್ತು ನಿಮಿಷ ಬೆಂದ ಕಾಲಿನ ಮಾಂಸ ರಬ್ಬರಾಗುವುದು ಇದರಿಂದ. ಅಲ್ಲಿಗೇ ಗಾಬರಿಯಾಗಿ ಒಲೆ ಆರಿಸುವವರೇ ಹೆಚ್ಚು. ಮುಂದುವರಿಸಿದರೆ ಅದೇ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ, ಸಾರಿಗೆ ತುಟಿಗಂಟುವ ಸಾಂದ್ರತೆ ಬರುತ್ತದೆ. ತೆರೆದ ಪಾತ್ರೆಯಲ್ಲಿ ಎರಡು ಮೂರು ಗಂಟೆ ಹಿಡಿಯುವ ಈ ಕೆಲಸ, 120 ಡಿಗ್ರಿ ಸಮೀಪಿಸುವ ಕುಕ್ಕರಿನಲ್ಲಿ ಎಷ್ಟೋ ಬೇಗ ಮುಗಿಯುತ್ತದೆ.

ಏಷ್ಯಾದ ಅಡುಗೆಗಳಲ್ಲಿ ನಮ್ಮ ನೆಲಕ್ಕೆ ಅತಿ ಹತ್ತಿರವಾದದ್ದು ಯಾವುದೆಂದು ಕೇಳಿದರೆ, ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನರ ರೆಂಡಾಂಗ್ ಎಂದು ಹೇಳುತ್ತೇನೆ. ಬೀಫನ್ನು ತೆಂಗಿನಹಾಲು, ಮೆಣಸು, ಶುಂಠಿ, ಮಜ್ಜಿಗೆಹುಲ್ಲುಗಳ ಜೊತೆ ಗಂಟೆಗಟ್ಟಲೆ ಕುದಿಸುತ್ತಾರೆ. ನಾವು ಕಡುಬಿಗೆ ಸುತ್ತುವ ಅರಸಿನ ಎಲೆಯೂ ಅದಕ್ಕೆ ಬೀಳುತ್ತದೆ. ಮೊದಲು ತೆಳ್ಳಗಿನ ಸಾರು, ಆಮೇಲೆ ‘ಕಾಲಿಯೊ’ ಎಂಬ ಗಟ್ಟಿ ಗೊಜ್ಜು, ಕಡೆಗೆ ನೀರೆಲ್ಲ ಆರಿ ತೆಂಗಿನೆಣ್ಣೆ ಬಿಟ್ಟುಕೊಂಡು, ಅದೇ ಎಣ್ಣೆಯಲ್ಲಿ ಮಾಂಸ ಹುರಿದು ಕಪ್ಪುಗಂದು ಬಣ್ಣಕ್ಕೆ ಬರುತ್ತದೆ. ನೀರು ಮುಗಿಯುವವರೆಗೆ 100 ಡಿಗ್ರಿಯಲ್ಲಿ ಕೊಲಾಜೆನ್ ಕರಗುವ ಕೆಲಸ, ಮುಗಿದ ಮೇಲೆ ಏರುವ ಬಿಸಿಯಲ್ಲಿ ಮೈಯಾರ್ ಹೇಳಿದ ಕೆಲಸ. ಎರಡೂ ಒಂದೇ ಬಾಣಲೆಯಲ್ಲಿ, ಅದರದರ ಸರದಿಯಲ್ಲಿ ನಡೆಯುತ್ತವೆ. ತೆಂಗಿನ ಚೂರು, ಕರಿಬೇವು, ಕಾಳುಮೆಣಸು ಹಾಕಿ ಒಣಗುವವರೆಗೆ ಹುರಿಯುವ ನಮ್ಮ ಬೀಫ್ ವರಟ್ಟಿಯೂ ನಡೆಯುವುದು ಇದೇ ದಾರಿಯಲ್ಲಿ. ರಾತ್ರಿಯಿಡೀ ಹಚ್ಚಿಡುವ ಗೊಡವೆ ಇವೆರಡಕ್ಕೂ ಇಲ್ಲ. ಗಂಟೆಗಟ್ಟಲೆ ಬೇಯುವಾಗ ಸಡಿಲವಾದ ಎಳೆಗಳ ನಡುವೆ ಮಸಾಲೆ ತಾನಾಗಿ ಸೇರಿಕೊಳ್ಳುತ್ತದೆ.

ಖಾರದ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಮೆಣಸಿನ ಕ್ಯಾಪ್ಸೈಸಿನ್ ನಿಜವಾಗಿ ರುಚಿಯಲ್ಲ, ಉರಿ. 43 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ಗುರುತಿಸುವ ನರತುದಿಯ ಗ್ರಾಹಕವನ್ನೇ ಅದು ತೆರೆಯುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಾಪೂಟಿಯನ್ ಜೊತೆ ಹಂಚಿಕೊಂಡರು. ಒಲೆಯಿಂದ ಇಳಿಸಿದೊಡನೆ ತಿಂದ ಬೀಫ್ ಹೆಚ್ಚು ಖಾರವೆನಿಸುವುದು ಬಿಸಿಯೂ ಮೆಣಸೂ ಒಂದೇ ಬಾಗಿಲನ್ನು ತಟ್ಟುವುದರಿಂದ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುವುದರಿಂದ ಮೆಣಸಿನ ಪುಡಿಯನ್ನು ಹದ ಬಿಸಿಯ ಎಣ್ಣೆಗೆ ಮೊದಲು ಹಾಕಿದರೆ ಖಾರವೂ ಬ್ಯಾಡಗಿಯ ಕೆಂಪೂ ಎಲ್ಲ ತುಂಡುಗಳಿಗೆ ಸಮನಾಗಿ ಹರಡುತ್ತವೆ. ಬಾಯಿ ಉರಿದಾಗ ನೀರು ಕುಡಿದು ಫಲವಿಲ್ಲ, ಹಾಲು ಮೊಸರುಗಳ ಕೇಸಿನ್ ಆ ಉರಿಯನ್ನು ಇಳಿಸುತ್ತದೆ.

ಸಿಚುವಾನಿನ ಅಡುಗೆಗೆ ಮೆಣಸಿನ ಖಾರದ ಜೊತೆ ತುಟಿ ಜುಮ್ಮೆನ್ನಿಸುವ ಇನ್ನೊಂದು ಮಸಾಲೆಯೂ ಬೇಕು, ಸಿಚುವಾನ್ ಪೆಪ್ಪರ್. ಅದು ತುಟಿಯ ಸ್ಪರ್ಶದ ನರಗಳನ್ನು ಸೆಕೆಂಡಿಗೆ ಸುಮಾರು 50 ಬಾರಿ ಕಂಪಿಸಿದಂತೆ ಮಾಡುತ್ತದೆ ಎಂದು 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ಅದನ್ನು ಹುಡುಕಿಕೊಂಡು ದೊಡ್ಡ ಪೇಟೆಗೆ ಹೋಗಬೇಕಾಗಿಲ್ಲ. ನಮ್ಮ ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಹಾಕುವ ತೆಪ್ಪಳ, ಅಂದರೆ ಜುಮ್ಮನಕಾಯಿ, ಅದೇ ಜಾಂಥಾಕ್ಸೈಲಮ್ ಕುಲದ ಸಸ್ಯ. ಒಳಗಿನ ಕರಿ ಬೀಜವನ್ನು ಬಿಸಾಡಿ, ಒಣ ಸಿಪ್ಪೆಯನ್ನಷ್ಟೇ ಕಾವಲಿಯಲ್ಲಿ ಬೆಚ್ಚಗೆ ಮಾಡಿ ಜಜ್ಜಿ, ಬೀಫ್ ಇಳಿಸುವ ಹೊತ್ತಿಗೆ ಉದುರಿಸಿ. ಮೊದಲೇ ಹಾಕಿದರೆ ಪರಿಮಳ ಆವಿಯೊಡನೆ ಹಾರಿಹೋಗುತ್ತದೆ.