ಸೇರಿಸಿದ ಸಕ್ಕರೆ: ಚಮಚದ ಲೆಕ್ಕದಿಂದ ಲೇಬಲ್ಲಿನ ಲೆಕ್ಕದವರೆಗೆ

ಆಹಾರ ಪೋಷಣೆಯ ಪಾಠದಲ್ಲಿ ‘ಸಕ್ಕರೆ’ ಅಂತ ಬಂದಾಗಲೆಲ್ಲ ನನಗೆ ಗೊಂದಲ ಆಗ್ತಿತ್ತು. ಹಣ್ಣಿನಲ್ಲೂ ಸಕ್ಕರೆ, ಹಾಲಿನಲ್ಲೂ ಸಕ್ಕರೆ. ಹಾಗಾದರೆ ಬಿಡಬೇಕಾದದ್ದು ಯಾವುದು? ಇಡೀ ಪಾಠ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಇಡೀ ಹಣ್ಣಿನೊಳಗಿನ ಸಕ್ಕರೆ, ಹಾಲಿನ ಲ್ಯಾಕ್ಟೋಸ್ ಇವೆರಡೂ ಈ ಲೆಕ್ಕಕ್ಕೆ ಬರುವುದಿಲ್ಲ. ನಾವು ಅಥವಾ ಕಂಪನಿಯವರು ಸುರಿದದ್ದು, ಅಂದರೆ ‘ಸೇರಿಸಿದ ಸಕ್ಕರೆ’, ಬರುತ್ತದೆ. ಅದು ಸಕ್ಕರೆಯಾದರೂ ಸರಿ, ಬೆಲ್ಲವಾದರೂ ಸರಿ. ವಿಶ್ವ ಆರೋಗ್ಯ ಸಂಸ್ಥೆ ಇದರ ಜೊತೆಗೆ ಜೇನುತುಪ್ಪ ಮತ್ತು ಹಣ್ಣಿನ ರಸವನ್ನೂ ಸೇರಿಸಿ ‘ಫ್ರೀ ಶುಗರ್ಸ್’ ಎಂದು ಕರೆಯುತ್ತದೆ. ಅದರ 2015ರ ಮಾರ್ಗಸೂಚಿಯ ಪ್ರಕಾರ, ದಿನದ ಒಟ್ಟು ಶಕ್ತಿಯಲ್ಲಿ ಇದರ ಪಾಲು 10%ಕ್ಕಿಂತ ಕಡಿಮೆ ಇರಬೇಕು. 5%ಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದು.

ಶೇಕಡಾವಾರು ಬಾಯಿಪಾಠ ಮಾಡಬೇಡಿ, ಗ್ರಾಂಗೆ ಇಳಿಸಿಕೊಳ್ಳಿ. ದಿನಕ್ಕೆ 2000 ಕಿಲೋಕ್ಯಾಲರಿ ತಿನ್ನುವವರಿಗೆ 10% ಅಂದರೆ 200 ಕಿಲೋಕ್ಯಾಲರಿ. ಒಂದು ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲರಿ. ಹಾಗಾಗಿ 50 ಗ್ರಾಂ. 5% ಅಂದರೆ 25 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯೂ ಹೆಚ್ಚುಕಡಿಮೆ ಇದೇ: ದಿನಕ್ಕೆ ಸುಮಾರು 25 ಗ್ರಾಂ. ಪರೀಕ್ಷೆಗೆ 50 ಮತ್ತು 25, ಈ ಎರಡು ಅಂಕಿ ನೆನಪಿದ್ದರೆ ಸಾಕು.

ಇದು ನನಗೆ ನಿಜವಾಗಿ ಅರ್ಥವಾದದ್ದು ಅಡುಗೆಮನೆಯಲ್ಲಿ. ‘ನಾನು ಕಾಫಿಗೆ ಹಾಕ್ಕೊಳ್ಳೋದು ಒಂದೇ ಚಮಚ ಕಣೇ’ ಅಂತ ಅಮ್ಮ ಯಾವಾಗಲೂ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಆ ಚಮಚವನ್ನು ಹತ್ತಿರದಿಂದ ನೋಡಿದೆ. ಡಬ್ಬಿಯಿಂದ ಎತ್ತಿದಾಗ ಮೇಲೆ ಒಂದು ಪುಟ್ಟ ಗೋಪುರ ಏಳುತ್ತದೆ, ನಾಲ್ಕು ಕಾಳು ಅಂಚಿನಿಂದ ಜಾರುತ್ತವೆ. ಅದನ್ನೇ ತಕ್ಕಡಿಗೆ ಹಾಕಿದೆ. 7 ಗ್ರಾಂ ಬಂತು. ಅದೇ ಚಮಚದ ತಲೆಯನ್ನು ಚಾಕುವಿನಿಂದ ಸವರಿ ತೂಗಿದೆ. 4 ಗ್ರಾಂ. ಅಮ್ಮನದು ದಿನಕ್ಕೆ ನಾಲ್ಕು ಲೋಟ ಕಾಫಿ. ಅಂದರೆ 28 ಗ್ರಾಂ. ಬಿಸ್ಕತ್ತು ಮುಟ್ಟದೆ, ಸಿಹಿ ತಿನ್ನದೆ, ಸುಮ್ನೆ ಕಾಫಿಯಲ್ಲೇ ಆ ದಿನದ ಪಾಲು ಮುಗಿದಿತ್ತು. ತಕ್ಕಡಿ ನೋಡಿ ಅಮ್ಮನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾಫಿ ಬಿಡಿ ಅಂತ ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಚಮಚದ ತಲೆ ಸವರಿದ್ದಕ್ಕೇ 28 ಹೋಗಿ 16 ಆಯಿತು. ಎರಡು ವಾರ ಬಿಟ್ಟು ಮುಕ್ಕಾಲು ಚಮಚಕ್ಕೆ ಬಂದೆವು, ಆಗ 12. ಒಂದೇ ಸಲ ನಿಲ್ಲಿಸಿದರೆ ನಾಲಿಗೆ ಒಪ್ಪುವುದಿಲ್ಲ. ಮೆಲ್ಲಗೆ ಇಳಿಸಿದರೆ ಒಗ್ಗಿಕೊಳ್ಳುತ್ತದೆ. ಆಗಷ್ಟೇ ಇಳಿದ ಡಿಕಾಕ್ಷನ್ ಇದ್ದರೆ ಸಕ್ಕರೆ ಕಮ್ಮಿಯಾದದ್ದು ಗೊತ್ತಾಗುವುದೂ ಇಲ್ಲ. ಹೋಟೆಲಿನಲ್ಲಾದರೆ ‘ಸಕ್ಕರೆ ಬೇರೆ ಕೊಡಿ’ ಅಂತ ಮೊದಲೇ ಹೇಳಿಬಿಡಿ.

ಒಳಗೆ ಹೋದ ಮೇಲೆ

ನಾವು ಬಳಸುವ ಸಕ್ಕರೆ ಸುಕ್ರೋಸ್. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಕೈಹಿಡಿದುಕೊಂಡ ಜೋಡಿ. ಸಣ್ಣ ಕರುಳಿನಲ್ಲಿ ಸುಕ್ರೇಸ್ ಎಂಬ ಕಿಣ್ವ ಈ ಜೋಡಿಯನ್ನು ಬಿಡಿಸುತ್ತದೆ. ಗ್ಲೂಕೋಸ್ ರಕ್ತಕ್ಕೆ ಸೇರಿ ಇನ್ಸುಲಿನ್ನನ್ನು ಕರೆಯುತ್ತದೆ. ಫ್ರಕ್ಟೋಸ್ ಬಹುಪಾಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಜಾಸ್ತಿಯಾದದ್ದು ಕೊಬ್ಬಾಗುತ್ತದೆ. ಇಡೀ ಹಣ್ಣಿನಲ್ಲೂ ಇದೇ ಸಕ್ಕರೆಗಳಿವೆ. ಆದರೆ ಅಲ್ಲಿ ನಾರು ಇದೆ, ಜಗಿಯಬೇಕು, ಹೊಟ್ಟೆ ತುಂಬುತ್ತದೆ. ಮೂರು ಕಿತ್ತಳೆ ಬಿಡಿಸಿ ತಿನ್ನಲು ಎಷ್ಟು ಹೊತ್ತು ಬೇಕು, ಅದರ ರಸ ಕುಡಿಯಲು ಎಷ್ಟು ಹೊತ್ತು ಬೇಕು ಅಂತ ಯೋಚಿಸಿ. ರಸವನ್ನು ‘ಫ್ರೀ ಶುಗರ್ಸ್’ ಸಾಲಿಗೆ ಸೇರಿಸಿದ್ದು ಇದಕ್ಕೇ.

ಕುಡಿಯುವ ಸಕ್ಕರೆಯ ತೊಂದರೆ ಇದೇ, ಹೊಟ್ಟೆಗೆ ಅದರ ಲೆಕ್ಕ ಸಿಗುವುದಿಲ್ಲ. ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿ ಒಂದೇ ನಿಮ್ಮ 25 ಗ್ರಾಂ ಮುಗಿಸುತ್ತದೆ. ಒಂದು ಲೋಟ ಕಬ್ಬಿನ ಹಾಲೂ ಹೆಚ್ಚುಕಡಿಮೆ ಅಷ್ಟೇ. ಎಲ್ಲಿಂದ ಇಳಿಸಲಿ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಮೊದಲು ಲೋಟ ನೋಡಿ, ಆಮೇಲೆ ತಟ್ಟೆ.

ಹಲ್ಲಿನ ಲೆಕ್ಕ ಸ್ವಲ್ಪ ಬೇರೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ, ಅದು ಹಲ್ಲಿನ ಎನಾಮಲ್ ಕರಗಿಸುತ್ತದೆ. ಅಲ್ಲಿ ಎಷ್ಟು ತಿಂದೆವು ಅನ್ನುವುದರ ಜೊತೆಗೆ ಎಷ್ಟು ಸಲ ತಿಂದೆವು ಅನ್ನುವುದೂ ಮುಖ್ಯ.

ಬೆಲ್ಲದ ಮಾತು

ಪ್ರತಿ ಸಲ ಯಾರಾದರೂ ಕೇಳುವ ಪ್ರಶ್ನೆ: ‘ಬೆಲ್ಲ ಒಳ್ಳೆಯದಲ್ವಾ?’ ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಉಳಿದಿರುತ್ತದೆ, ರುಚಿಯೂ ಬೇರೆ. ಆದರೆ ಅದರ ಬಹುಪಾಲು ಸುಕ್ರೋಸೇ, ಕ್ಯಾಲರಿಯೂ ಸಕ್ಕರೆಯ ಹತ್ತಿರಹತ್ತಿರ. ಕಬ್ಬಿಣದಂಶಕ್ಕೆ ಸೊಪ್ಪು, ಕಾಳು ತಿನ್ನಿ. ಬೆಲ್ಲ ‘ಆರೋಗ್ಯಕರ’ ಅಂತ ನಂಬಿ ಕಾಫಿಗೆ ಎರಡು ಚಮಚ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾಗಂತ ಯುಗಾದಿಯ ಹೋಳಿಗೆ, ಸಂಕ್ರಾಂತಿಯ ಎಳ್ಳು ಬೆಲ್ಲ ಬಿಡಬೇಕಿಲ್ಲ. ಅವು ವರ್ಷಕ್ಕೆ ಒಂದು ದಿನ ಬರುತ್ತವೆ. ನಾಲ್ಕು ಲೋಟ ಕಾಫಿ 365 ದಿನವೂ ಬರುತ್ತದೆ.

ಲೇಬಲ್ ಓದುವುದು

ಪ್ಯಾಕೆಟ್ಟಿನ ಹಿಂದೆ ‘ಟೋಟಲ್ ಶುಗರ್ಸ್’, ‘ಆಡೆಡ್ ಶುಗರ್ಸ್’ ಅಂತ ಎರಡು ಸಾಲು ಇರುತ್ತವೆ. ನಮಗೆ ಬೇಕಾದದ್ದು ಎರಡನೆಯದು. ಸಿಹಿ ಹಾಕಿದ ಮೊಸರಿನ ಒಂದು ಕಪ್ ತೆಗೆದುಕೊಳ್ಳಿ. 100 ಗ್ರಾಂಗೆ ಟೋಟಲ್ 15, ಆಡೆಡ್ 10 ಅಂತ ಇದ್ದರೆ, ಉಳಿದ 5 ಹಾಲಿನದೇ. ಅದಕ್ಕೆ ಹೆದರಬೇಕಿಲ್ಲ.

ಇಲ್ಲೊಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಲೇಬಲ್ಲಿನಲ್ಲಿ ಆಡೆಡ್ ಶುಗರ್ಸ್‌ಗೆ ಕೊಟ್ಟ ಶೇಕಡಾವಾರು ದಿನಕ್ಕೆ 50 ಗ್ರಾಂ ಮಿತಿಯನ್ನು ಹಿಡಿದು ಹಾಕಿದ್ದು. 20% ಅಂತ ಇದ್ದರೆ ಅದು 10 ಗ್ರಾಂ. ನಿಮ್ಮ ಗುರಿ 25 ಗ್ರಾಂ ಆಗಿದ್ದರೆ ಅದೇ 10 ಗ್ರಾಂ 40% ಆಗುತ್ತದೆ. ಇನ್ನೊಂದು, ಆ ಅಂಕಿ ಇಡೀ ಪ್ಯಾಕೆಟ್ಟಿಗೋ ಒಂದು ಸಲ ತಿನ್ನುವ ಪಾಲಿಗೋ ಅಂತ ನೋಡಿ.

ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್ ಎಲ್ಲವೂ ಸಕ್ಕರೆಯೇ. ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಆ ಸಾಲಿಗೆ ಸೇರುವುದಿಲ್ಲ, ಆದರೂ ರಕ್ತದಲ್ಲಿ ಬೇಗ ಗ್ಲೂಕೋಸ್ ಆಗುತ್ತದೆ. ಡಬ್ಬಿಯ ಮುಂದೆ ‘ಹೆಲ್ತ್ ಡ್ರಿಂಕ್’ ಅಂತ ಕಂಡರೂ ಹಿಂದೆ ತಿರುಗಿಸಿ ಓದಿ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂಥ ಒಂದು ವರ್ಗವೇ ಇಲ್ಲ. ಇದನ್ನೇ ಹೇಳಿ 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ವರ್ಗದಿಂದ ಪಾನೀಯಗಳನ್ನು ತೆಗೆಯಲು ಸೂಚಿಸಿತು. ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ಗಮನಿಸಿ.

ಸಕ್ಕರೆ ಬದಲು ಸಿಹಿ ಮಾತ್ರೆ? ತೂಕ ಇಳಿಸುವುದಕ್ಕೆ ಅಂತ ಅವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಈ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಕುರಿತದ್ದಲ್ಲ, ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

ಕೊನೆಗೆ, ಯಾವ ಲೆಕ್ಕವೂ ನಡೆಯದ ಒಂದು ಸಂದರ್ಭ. ಇನ್ಸುಲಿನ್ ಅಥವಾ ಕೆಲವು ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ 70 ಮಿ.ಗ್ರಾಂ/ಡಿ.ಲೀ.ಗಿಂತ ಕೆಳಗೆ ಇಳಿಯಬಹುದು. ಕೈ ನಡುಗುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಆಗ 15 ಗ್ರಾಂ ಸಕ್ಕರೆ, ಅಂದರೆ ತಲೆ ಸವರಿದ ನಾಲ್ಕು ಚಮಚ, ತಕ್ಷಣ ಕೊಡಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ದೊಡ್ಡಪ್ಪ ಇದಕ್ಕೆಂದೇ ಅಂಗಿಯ ಜೇಬಿನಲ್ಲಿ ಒಂದು ಸಕ್ಕರೆ ಪೊಟ್ಟಣ ಇಟ್ಟುಕೊಂಡೇ ಮನೆಯಿಂದ ಹೊರಡುತ್ತಾರೆ.