ಪದ ಪರಿಚಯ: ಜುಂಟಾ

ಅರ್ಜೆಂಟೀನಾದ ಸ್ವಾತಂತ್ರ್ಯ ಹೋರಾಟದ ನಾಯಕ ಮರಿಯಾನೊ ಮೊರೆನೊ ಬಗ್ಗೆ ಮೊನ್ನೆ ಒಂದು ಕನ್ನಡ ಬರಹ ಓದಿದೆ. ಅದರಲ್ಲಿ ಅವನನ್ನು ‘1810ರ ಮಿಲಿಟರಿ ಆಡಳಿತದ ಕಾರ್ಯದರ್ಶಿ’ ಎಂದು ಕರೆದಿದ್ದರು. ಮೂಲದಲ್ಲಿ ‘ಜುಂಟಾ’ ಅಂತ ಇದ್ದಿರಬೇಕು. ಬರೆದವರು ಮ್ಯಾನ್ಮಾರ್ ಸುದ್ದಿಯಲ್ಲಿ ಬರುವ ‘ಸೇನೆಯ ಆಡಳಿತ’ ಎಂಬ ಅರ್ಥವನ್ನೇ ಇಲ್ಲಿಗೂ ತಂದು ಹಚ್ಚಿದ್ದಾರೆ. ಈ ತಪ್ಪನ್ನು ನೋಡಿ ನೋಡಿ ಸಾಕಾಗಿದೆ. ಮೊರೆನೊ ವಕೀಲ. ಸೇನಾಧಿಕಾರಿಯ ಜೊತೆ ಜಟಾಪಟಿಗೆ ಇಳಿದೇ ಅಧಿಕಾರ ಕಳೆದುಕೊಂಡವನು. ಅವನಿಗೆ ಮಿಲಿಟರಿ ಪಟ್ಟ ಕಟ್ಟುವುದು ಅನ್ಯಾಯ.

ಪದದ ಬೇರು ನೋಡೋಣ. ಸ್ಪ್ಯಾನಿಷ್‌ನಲ್ಲಿ ಇದನ್ನು ‘ಹುಂಟಾ’ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ‘ಕೂಡಿಸು’ ಅನ್ನುವ ಅರ್ಥದ ಧಾತುವಿನಿಂದ ಬಂದದ್ದು. ಇಂಗ್ಲಿಷಿನ ಜಾಯಿಂಟ್, ರೈಲಿನವರ ಜಂಕ್ಷನ್ ಎರಡೂ ಅದೇ ಮನೆಯವು. ಸಂಸ್ಕೃತದ ‘ಯುಜ್’ ಕೂಡ ಇದರ ದೂರದ ನೆಂಟ. ಹಾಗಾಗಿ ನಮ್ಮ ಯೋಗ, ಯುಕ್ತ, ಸಂಯುಕ್ತ ಎಲ್ಲಾ ಜುಂಟಾದ ದಾಯಾದಿಗಳು. ಅರಸೀಕೆರೆ ಜಂಕ್ಷನ್‌ನಲ್ಲಿ ಹಳಿ ಕೂಡುತ್ತವೆ, ಜುಂಟಾದಲ್ಲಿ ಜನ ಕೂಡುತ್ತಾರೆ. ಬೇರಿನ ಮಟ್ಟಿಗೆ ಅಷ್ಟೇ ಅರ್ಥ.

ಇಲ್ಲಿ ಒಂದು ಎಚ್ಚರಿಕೆ. ‘ಜಂಟಿ’ ಪದ ಕೇಳಿದ ಕೂಡಲೇ ಇದೂ ಅದೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಜಂಟಿ ಖಾತೆ, ಜಂಟಿ ಕಾರ್ಯದರ್ಶಿ ಅಂತೆಲ್ಲ ಬಳಸುವುದರಿಂದ ‘ಜಾಯಿಂಟ್’ ಸವೆದು ಜಂಟಿ ಆಯಿತು ಎಂದು ಎಷ್ಟೋ ಜನ ನಂಬಿದ್ದಾರೆ. ಸಂಗೀತ ಕಲಿತವರನ್ನು ಕೇಳಿ. ‘ಸ ಸ ರಿ ರಿ ಗ ಗ ಮ ಮ’ ಎಂದು ಜಂಟಿ ವರಸೆ ಹಾಡಿಸುವುದು ಇಂಗ್ಲಿಷ್ ಕಚೇರಿಯಿಂದ ಬಂದ ಪಾಠವಲ್ಲ. ತೆಲುಗಿನಲ್ಲೂ ‘ಜಂಟ’ ಅಂದರೆ ಜೋಡಿ. ಸದ್ದು ಹೋಲುತ್ತದೆ ಅಂತ ಸುಮ್ನೆ ನೆಂಟಸ್ತನ ಕಟ್ಟಬಾರದು. ಕಾಲೇಜು ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ‘ಜುಂಟಾ’ ಅಂತ ಬರೆಯುವುದಂತೂ ನಮ್ಮ ಜನತಾ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಜುಂಟಾಕ್ಕೆ ಸರಿಹೊಂದುವ ಕನ್ನಡ ಪದ ‘ಕೂಟ’. ಕೂಡು ಎಂಬುದರಿಂದ ಕೂಟ ಆದ ಹಾಗೆಯೇ ಅಲ್ಲೂ ಆಗಿದೆ. ಸ್ಪೇನ್‌ನಲ್ಲಿ ಇವತ್ತಿಗೂ ಚುನಾವಣೆ ನೋಡಿಕೊಳ್ಳುವ ಮಂಡಳಿಯ ಹೆಸರಿನಲ್ಲಿ ಜುಂಟಾ ಇದೆ. ಆಂಡಲೂಸಿಯಾ ಪ್ರಾಂತ್ಯದ ಚುನಾಯಿತ ಸರ್ಕಾರದ ಹೆಸರೇ ‘ಹುಂಟಾ ದೆ ಆಂಡಲೂಸಿಯಾ’. ಚಿಲಿಯಲ್ಲಿ ಬಡಾವಣೆಯವರ ಸಂಘವೂ ಜುಂಟಾ.

ಈಗ 1810ಕ್ಕೆ ಬರೋಣ. ಅದಕ್ಕೂ ಎರಡು ವರ್ಷ ಮೊದಲು ನೆಪೋಲಿಯನ್ ಸ್ಪೇನ್‌ನ ರಾಜ 7ನೇ ಫೆರ್ನಾಂಡೊನನ್ನು ಸೆರೆಯಲ್ಲಿಟ್ಟಿದ್ದ. ರಾಜನೇ ಇಲ್ಲದಾಗ ಆಳುವವರು ಯಾರು? ಸ್ಪೇನ್‌ನ ಊರೂರುಗಳಲ್ಲಿ ಜನ ಕೂಡಿ ಜುಂಟಾ ಮಾಡಿಕೊಂಡರು. ಆಗ ಸ್ಪೇನ್‌ನ ವಸಾಹತಾಗಿದ್ದ ಬ್ಯೂನಸ್ ಐರಿಸ್‌ನವರು ಹಿಡಿದದ್ದೂ ಅದೇ ದಾರಿ. ಮೇ 25ರಂದು ವೈಸ್‌ರಾಯ್‌ನನ್ನು ಕೆಳಗಿಳಿಸಿ, ಆ ರಾಜನ ಹೆಸರಿನಲ್ಲೇ ಪ್ರಮಾಣ ಮಾಡಿ, ಒಂಬತ್ತು ಜನರ ಜುಂಟಾ ಕೂರಿಸಿದರು. ಒಂಬತ್ತರಲ್ಲಿ ಮೊರೆನೊ, ಪಾಸೊ, ಕಾಸ್ತೆಲ್ಲಿ, ಬೆಲ್ಗ್ರಾನೊ ಈ ನಾಲ್ವರು ವಕೀಲರು. ಇಬ್ಬರು ವ್ಯಾಪಾರಿಗಳು, ಒಬ್ಬ ಪಾದ್ರಿ. ಸೈನ್ಯದವರು ಇಬ್ಬರೇ. ಅದರಲ್ಲಿ ಒಬ್ಬ ಅಧ್ಯಕ್ಷ ಸಾವೆದ್ರಾ, ಪತ್ರೀಸಿಯೋಸ್ ದಳದ ಮುಖ್ಯಸ್ಥ.

ಮೊರೆನೊ ಚುಕಿಸಾಕಾದಲ್ಲಿ ಕಾನೂನು ಓದಿದವನು. ಆ ಊರು ಈಗ ಬೊಲಿವಿಯಾದ ಸುಕ್ರೆ. ಗಣಿಗಳಲ್ಲಿ ಮೂಲನಿವಾಸಿಗಳಿಂದ ಮಾಡಿಸುತ್ತಿದ್ದ ಬಲವಂತದ ದುಡಿಮೆಯ ವಿರುದ್ಧ ಓದುವಾಗಲೇ ಬರೆದಿದ್ದ. ಜುಂಟಾದ ಕಾರ್ಯದರ್ಶಿಯಾದ ಎರಡೇ ವಾರಕ್ಕೆ, ಜೂನ್ 7ರಂದು, ‘ಗಸೇತಾ’ ಪತ್ರಿಕೆ ಶುರು ಮಾಡಿದ. ಸರ್ಕಾರ ಏನು ಮಾಡುತ್ತಿದೆ ಎಂದು ಜನಕ್ಕೆ ಗೊತ್ತಾಗಬೇಕು ಅನ್ನುವುದು ಅವನ ಹಟ. ಅವನು ಮೆತ್ತನೆಯ ಮನುಷ್ಯನೇನೂ ಅಲ್ಲ. ಬಂಡೆದ್ದ ಮಾಜಿ ವೈಸ್‌ರಾಯ್ ಲಿನಿಯೆರ್ಸ್‌ಗೆ ಗುಂಡಿಕ್ಕಲೇಬೇಕು ಎಂದು ಪಟ್ಟು ಹಿಡಿದವರಲ್ಲಿ ಅವನೂ ಒಬ್ಬ.

ಈ ಕೂಟಕ್ಕೂ ಮಿಲಿಟರಿಗೂ ಇದ್ದ ದೂರ ಡಿಸೆಂಬರ್ 5ರ ರಾತ್ರಿ ಎದ್ದು ಕಂಡಿತು. ಜುಂಟಾದ ಪಡೆ ಸುಯಿಪಾಚಾ ಯುದ್ಧ ಗೆದ್ದ ಖುಷಿಗೆ ಪತ್ರೀಸಿಯೋಸ್ ಬ್ಯಾರಕ್‌ನಲ್ಲಿ ಔತಣ. ಬಾಗಿಲಿಗೆ ಬಂದ ಮೊರೆನೊನನ್ನು ಕಾವಲಿನವನು ಒಳಗೆ ಬಿಡಲಿಲ್ಲ. ಒಳಗೆ ದುವಾರ್ತೆ ಎಂಬ ಅಧಿಕಾರಿ ಕುಡಿದ ಅಮಲಿನಲ್ಲಿ ಸಾವೆದ್ರಾನನ್ನು ಅಮೆರಿಕದ ಚಕ್ರವರ್ತಿ ಎಂದು ಹೊಗಳಿದ. ಸಕ್ಕರೆಯಲ್ಲಿ ಮಾಡಿದ ಕಿರೀಟವನ್ನು ಸಾವೆದ್ರಾನ ಹೆಂಡತಿಯ ಕೈಗಿಟ್ಟ.

ಮರುದಿನವೇ ಮೊರೆನೊ ಒಂದು ಆದೇಶ ಬರೆದ. ಅಧ್ಯಕ್ಷನಿಗಿದ್ದ ವಿಶೇಷ ಮರ್ಯಾದೆಗಳೆಲ್ಲ ರದ್ದು. ಉಳಿದ ಸದಸ್ಯರು ಹೇಗೋ ಅವನೂ ಹಾಗೇ. ಅಧಿಕಾರದಲ್ಲಿರುವವರ ಹೆಂಡತಿಯರಿಗೂ ಯಾವ ಸಲಾಮೂ ಇಲ್ಲ. ದುವಾರ್ತೆಗೆ ಗಡೀಪಾರು. ಈ ನಗರದವನು ಕುಡಿದಾಗಲಿ ನಿದ್ದೆಗಣ್ಣಲ್ಲಾಗಲಿ ನಾಡಿನ ಸ್ವಾತಂತ್ರ್ಯದ ವಿರುದ್ಧ ಮಾತಾಡಬಾರದು ಎಂಬ ಅರ್ಥದ ಸಾಲು ಅದರಲ್ಲಿದೆ. ಸಾವೆದ್ರಾ ಸಹಿ ಹಾಕಿದ. ಆದರೆ ಡಿಸೆಂಬರ್ 18ಕ್ಕೆ ಪ್ರಾಂತ್ಯಗಳ ಪ್ರತಿನಿಧಿಗಳೂ ಜುಂಟಾಕ್ಕೆ ಸೇರಿದರು. ಬಲ ಸಾವೆದ್ರಾನ ಕಡೆ ವಾಲಿತು. ಮೊರೆನೊ ಅವತ್ತೇ ರಾಜೀನಾಮೆ ಕೊಟ್ಟ.

ಅವನನ್ನು ಲಂಡನ್‌ಗೆ ರಾಯಭಾರಕ್ಕೆಂದು ಕಳಿಸಿದರು. 1811ರ ಮಾರ್ಚ್ 4ರಂದು ಹಡಗಿನಲ್ಲೇ ತೀರಿಕೊಂಡ. ವಯಸ್ಸು 32. ಕ್ಯಾಪ್ಟನ್ ಕೊಟ್ಟ ವಾಂತಿ ಔಷಧಿ ಜಾಸ್ತಿಯಾಯಿತು ಎಂದು ಜೊತೆಗಿದ್ದ ತಮ್ಮ ಬರೆದಿಟ್ಟಿದ್ದಾನೆ. ಹೆಣವನ್ನು ಸಮುದ್ರಕ್ಕೇ ಬಿಟ್ಟರು. ಸುದ್ದಿ ತಿಳಿಯದ ಹೆಂಡತಿ ಗ್ವಾದಲೂಪೆ ಬ್ಯೂನಸ್ ಐರಿಸ್‌ನಿಂದ ತಿಂಗಳುಗಟ್ಟಲೆ ಕಾಗದ ಬರೆಯುತ್ತಲೇ ಇದ್ದಳು.

ಹಾಗಾದರೆ ಮಿಲಿಟರಿ ಅರ್ಥ ಎಲ್ಲಿಂದ ಬಂತು? 20ನೇ ಶತಮಾನದಲ್ಲಿ ಲ್ಯಾಟಿನ್ ಅಮೆರಿಕದ ಜನರಲ್‌ಗಳು ಅಧಿಕಾರ ಕಿತ್ತುಕೊಂಡಾಗ ಎಷ್ಟೋ ಸಲ ತಮ್ಮ ಗುಂಪಿಗೆ ಇದೇ ಹೆಸರು ಇಟ್ಟುಕೊಂಡರು. 1973ರಲ್ಲಿ ಚಿಲಿಯಲ್ಲಿ, 1976ರಲ್ಲಿ ಅರ್ಜೆಂಟೀನಾದಲ್ಲಿ. ಅರ್ಜೆಂಟೀನಾದವರು ‘ಹುಂಟಾ ಮಿಲಿತಾರ್’, ಅಂದರೆ ಮಿಲಿಟರಿ ಜುಂಟಾ, ಎಂದು ಎರಡು ಪದ ಬಳಸಿದರು. ಹೊರಗಿನ ಪತ್ರಿಕೆಗಳು ಎಷ್ಟೋ ಸಲ ‘ಮಿಲಿಟರಿ’ ಪದವನ್ನು ಉದುರಿಸಿದವು.

ಅದಕ್ಕೇ ಮ್ಯಾನ್ಮಾರ್ ಬಗ್ಗೆ ಬರೆಯುವಾಗ ‘ಸೇನಾ ಜುಂಟಾ’ ಅನ್ನಿ. ‘ಸೇನಾ’ ಅಲ್ಲಿ ಹೆಚ್ಚುವರಿ ಪದವಲ್ಲ, ಬೇಕೇ ಬೇಕು. 1810ರ ಬಗ್ಗೆ ಬರೆಯುವಾಗ ‘ಆಡಳಿತ ಕೂಟ’ ಸಾಕು. ಮೊರೆನೊ ಅದರ ಕಾರ್ಯದರ್ಶಿ.