ಗೇರ್ ಆಯಿಲ್ ಬದಲಿಸುವ ಮುಂಚೆ: ಸಿಂಕ್ರೊ, ಜಿಎಲ್-4, ಮತ್ತು ಮೇಲಿನ ಪ್ಲಗ್

ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದುತ್ತಿರುವ ಗೆಳೆಯರಿಗೆ, ಮನೆ ಕಾರಿನ ಕೆಲಸ ತಾವೇ ಕಲಿಯಬೇಕು ಅನ್ನುವವರಿಗೆ ಈ ಟಿಪ್ಪಣಿ. ಎರಡು ಪ್ಲಗ್ ಬಿಚ್ಚಿ, ಹಳೆಯದನ್ನು ಇಳಿಸಿ, ಹೊಸದನ್ನು ತುಂಬುವುದು. ಕೈಕೆಲಸ ಅಷ್ಟೇ. ಆದರೆ ಯಾವ ಆಯಿಲ್ ಅನ್ನುವಲ್ಲಿ ಎಡವಿದರೆ, ಉಳಿದದ್ದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ ಗೇರ್ ಬಾಕ್ಸ್‌ಗೆ ಪೆಟ್ಟು. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮುಂಚೆ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಒಳಗೆ ನಡೆಯುವುದು

ದೇವರಾಯನದುರ್ಗದ ಏರು ಹತ್ತುತ್ತಿದ್ದೀರಿ. ಮೂರನೇ ಗೇರ್, ಎಂಜಿನ್ 2000 ಆರ್‌ಪಿಎಂ. ತಿರುವಿನಲ್ಲಿ ಗಾಡಿ ಎಳೆಯುತ್ತಿಲ್ಲ, ಎರಡಕ್ಕೆ ಇಳಿಸಬೇಕು. ಮೂರನೇ ಗೇರಿನ ಅನುಪಾತ 1.3, ಎರಡನೆಯದು 1.9 ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಗಾಡಿಯ ವೇಗ ಅದೇ ಇದ್ದು ಎರಡನೇ ಗೇರ್ ಬೀಳಬೇಕಾದರೆ ಇನ್‌ಪುಟ್ ಶಾಫ್ಟ್ (ಎಂಜಿನ್ ತಿರುಗಣೆಯನ್ನು ಗೇರ್ ಬಾಕ್ಸ್ ಒಳಗೆ ತರುವ ದಂಡ) 2000 × 1.9 ÷ 1.3, ಅಂದರೆ ಹೆಚ್ಚುಕಡಿಮೆ 2900ಕ್ಕೆ ಏರಬೇಕು. ಅದೂ ಕ್ಲಚ್ ಒತ್ತಿ ಲಿವರ್ ಎಳೆಯುವಷ್ಟರಲ್ಲಿ. ಈ ಕೆಲಸ ಮಾಡುವುದು ಸಿಂಕ್ರೊ ರಿಂಗ್.

ಈಗಿನ ಕಾರುಗಳಲ್ಲಿ ಮುಂದಕ್ಕೆ ಹೋಗುವ ಗೇರ್‌ಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಗೇರ್ ಹಾಕುವುದು ಅಂದರೆ, ಶಾಫ್ಟ್ ಮೇಲೆ ಸುಮ್ನೆ ತಿರುಗುತ್ತಿರುವ ಗೇರನ್ನು ಸ್ಲೀವ್ (ಜಾರುವ ಬಳೆ) ಸರಿಸಿ ಆ ಶಾಫ್ಟ್‌ಗೆ ಬಿಗಿಯುವುದು. ಸ್ಲೀವ್ ಹೋಗಿ ಕೂರುವ ಮುಂಚೆ ಸಿಂಕ್ರೊ ರಿಂಗ್ ಗೇರಿನ ಕೋನ್ (ಶಂಕುವಿನಂತೆ ಓರೆಯಾದ ಮೈ) ಮೇಲೆ ಒತ್ತಿಕೊಳ್ಳುತ್ತದೆ. ಎರಡೂ ಉಜ್ಜಿ ಉಜ್ಜಿ ವೇಗ ಸಮ ಆಗುತ್ತದೆ. ಸಮ ಆಗುವ ತನಕ ರಿಂಗ್ ಸ್ಲೀವನ್ನು ಮುಂದೆ ಬಿಡುವುದಿಲ್ಲ. ಆದಮೇಲೆ ಗೇರ್ ಸಲೀಸಾಗಿ ಬೀಳುತ್ತದೆ.

ಬಿಚ್ಚಿದ ಗೇರ್ ಬಾಕ್ಸ್ ಸಿಕ್ಕರೆ ಒಂದು ಹಿತ್ತಾಳೆ ರಿಂಗ್ ಎತ್ತಿ ಒಳಮೈ ನೋಡಿ. ಕೂದಲೆಳೆಯಷ್ಟು ಸಣ್ಣ ಗೀರುಗಳು ಸುತ್ತಲೂ ಇರುತ್ತವೆ. ಕೋನ್ ಮೇಲೆ ಕೂತಿರುವ ಆಯಿಲ್ ಪದರವನ್ನು ಸೀಳಿ ಹೊರಗೆ ತಳ್ಳುವುದಕ್ಕೆ ಅವು. ಸವೆದ ರಿಂಗ್‌ನಲ್ಲಿ ಈ ಗೀರುಗಳು ಮಾಸಿ ಮೈ ನುಣ್ಣಗಾಗಿರುತ್ತದೆ. ಆಗ ಎರಡಕ್ಕೆ ಇಳಿಸುವಾಗ ಕರಕರ ಅನ್ನುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಗೇರ್ ಆಯಿಲ್ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸ ಮಾಡಬೇಕು. ಹಲ್ಲು, ಬೇರಿಂಗ್‌ಗಳ ನಡುವೆ ಜಾರಬೇಕು. ರಿಂಗಿಗೂ ಕೋನ್‌ಗೂ ನಡುವೆ ಹಿಡಿತ ಬಿಡಬಾರದು. ಬರೀ "ಜಾಸ್ತಿ ಜಾರುವ, ಜಾಸ್ತಿ ದುಬಾರಿ" ಆಯಿಲ್ ಹಾಕಿದರೆ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಜಿಎಲ್-4, ಜಿಎಲ್-5

ಡಬ್ಬದ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಜಿಎಲ್-4 ಅಥವಾ ಜಿಎಲ್-5 ಅಂತ ಗೇರ್ ಆಯಿಲ್ ದರ್ಜೆ ಇರುತ್ತದೆ. 5 ದೊಡ್ಡದು, ಹಾಗಾಗಿ ಮೇಲು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಎರಡೂ ಬೇರೆ ಬೇರೆ ಕೆಲಸಕ್ಕೆ.

ಬೊಲೆರೊದಂಥ ಹಿಂಚಕ್ರ ಎಳೆಯುವ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಲ್ಲಿ ಕ್ರೌನ್-ಪಿನಿಯನ್ ಇದೆ. ಅದು ಹೈಪಾಯ್ಡ್ ಗೇರ್. ಅಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜೋರಾಗಿ ಜಾರುತ್ತವೆ, ಒತ್ತಡವೂ ವಿಪರೀತ. ಅದಕ್ಕೆ ಗಂಧಕ, ರಂಜಕ ಜಾಸ್ತಿ ಇರುವ ಜಿಎಲ್-5 ಬೇಕು. ಮುಂಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ ಗೇರ್ ಜೋಡಣೆ) ಗೇರ್ ಬಾಕ್ಸ್ ಒಳಗೇ ಇರುತ್ತದೆ. ಎಂಜಿನ್ ಅಡ್ಡ ಕೂತಿರುವುದರಿಂದ ಅಲ್ಲಿ ಹೈಪಾಯ್ಡ್ ಬೇಕಿಲ್ಲ, ಓರೆ ಹಲ್ಲಿನ ಹೆಲಿಕಲ್ ಗೇರ್ ಸಾಕು. ಅವುಗಳಿಗೆ ಜಿಎಲ್-4 ಕೊಡುವ ರಕ್ಷಣೆ ಸಾಲುತ್ತದೆ.

ಜಿಎಲ್-4 ಬೇಕಾದ ಕಡೆ ಜಿಎಲ್-5 ಹಾಕಿದರೆ ಎರಡು ತೊಂದರೆ. ಗಂಧಕದ ಸಂಯುಕ್ತಗಳು ಹಿತ್ತಾಳೆ, ಕಂಚನ್ನು ತಿನ್ನಬಹುದು. ಜೊತೆಗೆ ರಿಂಗ್ ಹಿಡಿಯಬೇಕಾದಲ್ಲಿ ಜಾರುತ್ತದೆ. ಹಾಗಂತ ಎಲ್ಲ ಕಾರಿಗೂ ಜಿಎಲ್-4 ಅಂತಲೂ ಬರೆದುಕೊಳ್ಳಬೇಡಿ. ಕೆಲವು ಕಂಪನಿಗಳು ಬೇರೆ ದರ್ಜೆ ಹೇಳುತ್ತವೆ. ಹೋಂಡಾ ತನ್ನದೇ ಎಂಟಿಎಫ್ (ಮ್ಯಾನುಯಲ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಹಾಕಿ ಅನ್ನುತ್ತದೆ. ಕಾರಿನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಇನ್ನು ಡಬ್ಬದ ಮೇಲೆ ಆಯಿಲ್ ಎಷ್ಟು ಮಂದ ಅಂತ ಹೇಳುವ 75ಡಬ್ಲ್ಯು-90ರಂಥ ಗುರುತು. ಈ 90 ನೋಡಿ ಎಂಜಿನ್ ಆಯಿಲ್‌ನ 40ಕ್ಕಿಂತ ಎರಡು ಪಟ್ಟು ಮಂದ ಅಂದುಕೊಳ್ಳಬೇಡಿ. ಎರಡರ ಅಳತೆಪಟ್ಟಿಯೇ ಬೇರೆ. 100 ಡಿಗ್ರಿ ಬಿಸಿಯಲ್ಲಿ ಗೇರ್ ಆಯಿಲ್ 90ರ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್. ಎಂಜಿನ್ ಆಯಿಲ್ 40ರದ್ದು 12.5ರಿಂದ 16.3. ಹತ್ತಿರ ಹತ್ತಿರವೇ ಅಲ್ವಾ? ಮೊದಲಿಗೆ ಬರುವ 75ಡಬ್ಲ್ಯು ಚಳಿಯಲ್ಲಿ ಆಯಿಲ್ ಎಷ್ಟು ತೆಳ್ಳಗಿರುತ್ತದೆ ಅನ್ನುವುದಕ್ಕೆ. ಡಿಸೆಂಬರ್ ಬೆಳಿಗ್ಗೆ ಮೊದಲ ಎರಡು ಕಿಲೋಮೀಟರ್ ಎರಡನೇ ಗೇರ್ ಗಡುಸಾಗಿ, ಆಮೇಲೆ ಸಲೀಸಾದರೆ, ತಣ್ಣಗಿನ ಆಯಿಲ್ ಪದರವನ್ನು ರಿಂಗ್ ಬೇಗ ಸೀಳಲು ಆಗುತ್ತಿಲ್ಲ ಅಂತ ಅರ್ಥ.

ಕೆಲಸ

ಮೊದಲು ಗಾಡಿ ಓಡಿಸಿ ಬಿಸಿ ಮಾಡಿ. ತುಮಕೂರಿನವರಾದರೆ ಬಟವಾಡಿಯಿಂದ ಕ್ಯಾತ್ಸಂದ್ರದ ತನಕ, ಅಂದರೆ ಕೆಲವು ಕಿಲೋಮೀಟರ್, ಹೋಗಿ ಬಂದರೆ ಸಾಕು. ಆಯಿಲ್ ತೆಳ್ಳಗಾಗಿ ಪೂರ್ತಿ ಇಳಿಯುತ್ತದೆ, ತಳದಲ್ಲಿದ್ದ ಲೋಹದ ಪುಡಿಯೂ ಜೊತೆಗೆ ಬರುತ್ತದೆ. ಸುಡುವಷ್ಟು ಬಿಸಿ ಬೇಡ.

ಜಾಗ ಸಮತಟ್ಟಾಗಿರಲಿ. ನಮ್ಮ ಮನೆಗಳ ಗೇಟಿನ ಮುಂದೆ ರಸ್ತೆಗೆ ಇಳಿಜಾರು ಮಾಡಿರುತ್ತಾರಲ್ಲ, ಅದರ ಮೇಲೆ ಈ ಕೆಲಸ ಬೇಡವೇ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಕಾರಿನ ಜೊತೆ ಬರುವ ಜಾಕಿ ಟೈರ್ ಬದಲಿಸುವುದಕ್ಕೆ ಮಾತ್ರ. ಬರೀ ಅದನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಕೊಡಲೇಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ಮುಂದಕ್ಕೆ ಹಾಕಿ. ಜೀವಕ್ಕಿಂತ ಆಯಿಲ್ ದೊಡ್ಡದಲ್ಲ. ಗುಂಡಿ ಇರುವ ಗ್ಯಾರೇಜ್ ಪರಿಚಯದ್ದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕೆಳಗಿನಿಂದ ನೋಡಿದರೆ ಎಂಜಿನ್ ಸಂಪ್ (ಎಂಜಿನ್ ಆಯಿಲ್ ನಿಲ್ಲುವ ತಟ್ಟೆ), ಗೇರ್ ಬಾಕ್ಸ್ ಅಕ್ಕಪಕ್ಕ ಕಾಣುತ್ತವೆ. ಮುಂಚಕ್ರಗಳಿಗೆ ಹೋಗುವ ಡ್ರೈವ್ ಶಾಫ್ಟ್‌ಗಳು ಯಾವುದರಿಂದ ಹೊರಡುತ್ತವೋ ಅದು ಗೇರ್ ಬಾಕ್ಸ್. ಇದನ್ನು ಖಾತ್ರಿ ಮಾಡಿಕೊಳ್ಳಿ.

ಈಗ ಮುಖ್ಯ ನಿಯಮ. ಮೇಸ್ತ್ರಿಗಳು ಹುಡುಗರಿಗೆ ಮೊದಲು ಕಲಿಸುವುದೇ ಇದು: "ಮೊದ್ಲು ಮೇಲಿಂದು ಬಿಚ್ಚಪ್ಪಾ, ಆಮೇಲೆ ಕೆಳಗಿಂದು." ಮೇಲಿನದು ಆಯಿಲ್ ತುಂಬುವ ಫಿಲ್ಲರ್ ಪ್ಲಗ್. ವರ್ಷಗಟ್ಟಲೆ ಮುಟ್ಟದೆ ಅದು ಕಚ್ಚಿಕೊಂಡಿರಬಹುದು. ಕೆಳಗಿನದು ಬಿಚ್ಚಿ ಆಯಿಲ್ ಇಳಿಸಿದ ಮೇಲೆ ಮೇಲಿನದು ಬರಲೇ ಇಲ್ಲ ಅಂದರೆ, ಖಾಲಿ ಗೇರ್ ಬಾಕ್ಸ್ ಇಟ್ಟುಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ. ಮೇಲಿನದು ಬರದಿದ್ದರೆ ಆಯಿಲ್ ಇನ್ನೂ ಒಳಗೇ ಇರುತ್ತದೆ, ಗ್ಯಾರೇಜ್ ತನಕ ಓಡಿಸಿಕೊಂಡು ಹೋಗಬಹುದು.

ಕೆಲವು ಪ್ಲಗ್‌ಗೆ ರಿಂಗ್ ಸ್ಪ್ಯಾನರ್, ಕೆಲವಕ್ಕೆ ಅಲೆನ್ ಕೀ, ಕೆಲವಕ್ಕೆ ಚೌಕದ ತೂತಿಗೆ ನೇರ ರ್‍ಯಾಚೆಟ್. ಮೂಲೆ ಸವೆದ ಸ್ಪ್ಯಾನರ್ ಹಾಕಬೇಡಿ, ಪ್ಲಗ್ ತಲೆ ದುಂಡಗಾದರೆ ಬಿಚ್ಚುವುದು ಬಹಳ ಕಷ್ಟ.

ಡ್ರೈನ್ ಪ್ಲಗ್ ಕೈಗೆ ಬಂದ ಮೇಲೆ ತುದಿ ನೋಡಿ. ಹೆಚ್ಚಿನವುಗಳಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದುಬಣ್ಣದ ಮೆತ್ತನೆ ಲೇಪ ಕೂತಿರುತ್ತದೆ. ಎರಡು ಬೆರಳಲ್ಲಿ ಉಜ್ಜಿ. ನುಣ್ಣಗೆ, ಬೆಣ್ಣೆಯಂತೆ ಹರಡಿದರೆ ಅದು ಮಾಮೂಲಿ ಸವೆತ. ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಹೊಸ ಆಯಿಲ್‌ನಿಂದ ಅದು ಸರಿಹೋಗುವುದಿಲ್ಲ, ಬಾಕ್ಸ್ ಬಿಚ್ಚಿ ನೋಡಬೇಕು. ಇಳಿದ ಆಯಿಲ್‌ನಲ್ಲಿ ಹೊಳೆಯುವ ಹಳದಿ ಕಣ ಕಂಡರೆ ಅದು ಹಿತ್ತಾಳೆ, ಸಿಂಕ್ರೊ ರಿಂಗ್ ಸವೆಯುತ್ತಿದೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ಟಬ್ಬಿನಲ್ಲೇ ಹುಡುಕಬೇಕು. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ಪ್ಲಗ್ ಒರೆಸಿ, ಹೊಸ ವಾಷರ್ ಹಾಕಿ ಬಿಗಿಯಿರಿ. ಕೆಲವು ಕಾರಿಗೆ ವಾಷರ್ ಬದಲು ಮರೆಗೆ (ತಿರುಪಿನ ಎಳೆಗಳಿಗೆ) ಸೀಲೆಂಟ್ ಹಚ್ಚಬೇಕು. ಹೊರಕವಚ ಹೆಚ್ಚಾಗಿ ಅಲ್ಯೂಮಿನಿಯಂ, ಹಾಗಾಗಿ ಮೈಬಲವೆಲ್ಲ ಹಾಕಿ ಬಿಗಿದರೆ ಮರೆ ಕಿತ್ತುಬರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಟಾರ್ಕ್ ರೆಂಚ್ ಇಟ್ಟು ಬಿಗಿಯಿರಿ.

ತುಂಬುವುದಕ್ಕೆ ಬಾನೆಟ್ ಕಡೆಯಿಂದ ಉದ್ದ ಪೈಪ್ ಇಳಿಸಿ, ಮೇಲೆ ಆಲಿಕೆ ಇಟ್ಟು ನಿಧಾನ ಸುರಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 2 ಲೀಟರ್ ಆಸುಪಾಸು ಹಿಡಿಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಮಟ್ಟ ನೋಡುವುದೂ ಇದೇ ತೂತಿನಲ್ಲಿ. ಆಯಿಲ್ ತೂತಿನ ಕೆಳಅಂಚಿಗೆ ಬಂದು ದಾರದಂತೆ ಹೊರಗೆ ಇಳಿಯಲು ಶುರುವಾದರೆ ನಿಲ್ಲಿಸಿ, ದಾರ ಹನಿಯಾಗುವ ತನಕ ಕಾದು ಪ್ಲಗ್ ಹಾಕಿ. ಮುಂಭಾಗ ಮಾತ್ರ ಎತ್ತಿದ್ದರೆ ಈ ಮಟ್ಟ ಸುಳ್ಳು ಹೇಳುತ್ತದೆ. ನಾಲ್ಕೂ ಕಡೆ ಸಮ ಎತ್ತಿರಬೇಕು. ಜಾಸ್ತಿ ತುಂಬಿದರೆ ಆಯಿಲ್ ನೊರೆಯೇಳುತ್ತದೆ, ಬ್ರೀದರ್‌ನಿಂದ (ಗಾಳಿಯಾಡುವ ಕಿಂಡಿಯಿಂದ) ಉಕ್ಕುತ್ತದೆ.

ಆಯಿಲ್‌ನಿಂದ ಆಗದ್ದು

ಗೇರ್ ಬೀಳುತ್ತಿಲ್ಲ ಅನ್ನುವ ದೂರಿಗೆಲ್ಲ ಆಯಿಲ್ ಮದ್ದಲ್ಲ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರ್ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಒಂದು ಮತ್ತು ರಿವರ್ಸ್ ಬೀಳದಿದ್ದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅನ್ನುವ ಅನುಮಾನ ಮೊದಲು ಬರಲಿ. ನ್ಯೂಟ್ರಲ್‌ನಲ್ಲಿ ಗುಂಯ್ ಅಂದು, ಕ್ಲಚ್ ಒತ್ತಿದರೆ ಸದ್ದು ನಿಂತರೆ, ಇನ್‌ಪುಟ್ ಶಾಫ್ಟ್ ಬೇರಿಂಗ್ ನೋಡಬೇಕು. ರಿವರ್ಸ್‌ಗೆ ಎಷ್ಟೋ ಕಾರುಗಳಲ್ಲಿ ಸಿಂಕ್ರೊ ಇರುವುದೇ ಇಲ್ಲ. ಕ್ಲಚ್ ಒತ್ತಿ ಒಂದೆರಡು ಸೆಕೆಂಡ್ ತಡೆದು ಹಾಕಿದರೆ ಕರಕರ ನಿಲ್ಲುತ್ತದೆ.

ಹಳೇ ಆಯಿಲ್ ಚರಂಡಿಗೆ, ಖಾಲಿ ಸೈಟಿಗೆ ಸುರಿಯಬಾರದು. ಕೆರೆ, ಬೋರ್‌ವೆಲ್ ನಂಬಿ ಬದುಕುವ ಊರು ನಮ್ಮದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲ್‌ಗೂ ಅನ್ವಯಿಸುತ್ತವೆ, ಪರವಾನಗಿ ಇರುವ ಮರುಬಳಕೆದಾರರಿಗೇ ಅದು ಸೇರಬೇಕು. ಹೊಸ ಆಯಿಲ್ ಬಂದ ಡಬ್ಬಕ್ಕೇ ತುಂಬಿ, ಮುಚ್ಚಳ ಬಿಗಿದು, ಅಂಥವರಿಗೆ ಆಯಿಲ್ ಕೊಡುವ ಸರ್ವಿಸ್ ಸೆಂಟರ್ ಯಾವುದು ಅಂತ ವಿಚಾರಿಸಿ ಅಲ್ಲಿಗೆ ತಲುಪಿಸಿ.

ಒಂದು ಸುತ್ತು ಓಡಿಸಿ ಬಂದು, ಎರಡೂ ಪ್ಲಗ್ ಸುತ್ತ ಒಣ ಬಟ್ಟೆಯಿಂದ ಒರೆಸಿ ಸೋರಿಕೆ ನೋಡಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಓಡಿದ ಕಿಲೋಮೀಟರ್, ಆಯಿಲ್ ದರ್ಜೆ, ಹಿಡಿದ ಲೀಟರ್, ಅಯಸ್ಕಾಂತದ ಮೇಲೆ ಕಂಡದ್ದು, ಇಷ್ಟನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.